ಪಶ್ಚಿಮ ತಾಲ್ಲೂಕುಗಳ ಲೆಕ್ಕದಲ್ಲಿ ಬೆಳವಣಿಗೆ ಮತ್ತು ಮಿತಿ

ಒಂದು ದೇಶದಲ್ಲೋ ರಾಜ್ಯದಲ್ಲೋ ಒಂದು ವರ್ಷದ ಅವಧಿಯಲ್ಲಿ ತಯಾರಾದ ಅಂತಿಮ ಸರಕು ಮತ್ತು ಸಲ್ಲಿಕೆಯಾದ ಅಂತಿಮ ಸೇವೆಗಳ ಒಟ್ಟು ಮೌಲ್ಯವನ್ನು ಒಟ್ಟು ಆಂತರಿಕ ಉತ್ಪನ್ನ, ಅಂದರೆ ಜಿಡಿಪಿ ಎನ್ನುತ್ತಾರೆ. ಬೆಲೆಯೇರಿಕೆಯನ್ನು ಕಳೆದು ಆ ಮೊತ್ತ ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಹೆಚ್ಚಿತು ಎಂಬುದೇ ಆರ್ಥಿಕ ಬೆಳವಣಿಗೆಯ ದರ. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು ಮೊದಲಿಗೆ ಕ್ರಮಬದ್ಧವಾಗಿ ಕಟ್ಟಿಕೊಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, 1934ರ ತಮ್ಮ ವರದಿಯಲ್ಲಿಯೇ, ಈ ಅಂಕಿಯನ್ನು ಹಿಡಿದು ಜನರ ಕ್ಷೇಮವನ್ನು ಅಳೆಯಲಾಗದು ಎಂದು ಎಚ್ಚರಿಸಿದ್ದರು. ಎಚ್ಚರಿಕೆ ವರದಿಯೊಳಗೇ ಉಳಿಯಿತು, ಅಂಕಿ ಮಾತ್ರ ಜಗತ್ತನ್ನು ಸುತ್ತಿತು. ಗುಡ್ಡ ಅಗೆದು ಅದಿರು ಮಾರಿದರೆ ಬಂದ ಹಣ ಈ ಲೆಕ್ಕದಲ್ಲಿ ಆದಾಯವಾಗಿ ಸೇರುತ್ತದೆಯೇ ಹೊರತು, ಮತ್ತೆಂದೂ ಹುಟ್ಟದ ಆ ಅದಿರು ಆಸ್ತಿಯಿಂದ ಕಳೆದುಹೋದದ್ದು ಎಲ್ಲಿಯೂ ದಾಖಲಾಗುವುದಿಲ್ಲ; ಕೊಳವೆಬಾವಿ ಕೊರೆಸಿದ ಖರ್ಚು ಉತ್ಪನ್ನವಾಗುತ್ತದೆ, ಅದು ಬತ್ತಿದ ಮೇಲೆ ಪಕ್ಕದಲ್ಲಿ ಇನ್ನೊಂದನ್ನು ಕೊರೆಸಿದರೆ ಅದೂ ಉತ್ಪನ್ನವೇ ಆಗುತ್ತದೆ.

ಈ ಕೊರತೆ ಪುಸ್ತಕದಲ್ಲಿ ಓದುವಾಗ ಸಣ್ಣದಾಗಿ ಕಾಣುತ್ತದೆ. ಅದು ನೆಲದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳಂಥ ಸೀಮೆ ಬೇಕು. ಅವಿಭಜಿತ ಬಳ್ಳಾರಿ ಜಿಲ್ಲೆಯವರು ‘ಪಶ್ಚಿಮ ತಾಲ್ಲೂಕುಗಳು’ ಎಂದು ಕರೆಯುತ್ತ ಬಂದ ಈ ಭಾಗ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯದಿಂದ ಹೊರಗುಳಿದು, ಹೋರಾಟ ಮಾಡಿ ಮತ್ತೆ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ನೆಚ್ಚಿಕೊಳ್ಳಲಾಗದ ಮಳೆ, ಕೆಳಗೆ ಗಟ್ಟಿ ಕಲ್ಲು. 1876ರಿಂದ 1878ರವರೆಗಿನ ಧಾತು ಈಶ್ವರ ಬರ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಕಠೋರವಾಗಿ ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಸುಮಾರಿಗೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಭವಿಷ್ಯವಾಣಿಯಾದ ಕಾರಣಿಕಕ್ಕಾಗಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುವುದೂ, ಆ ಸಾಲನ್ನು ಮೊದಲು ಮಳೆಬೆಳೆಗೆ, ಅನಂತರ ರಾಜಕಾರಣಕ್ಕೆ ಅರ್ಥೈಸುವುದೂ ಇಂಥ ನೆಲದಲ್ಲಿ ಸಹಜವೇ ಆಗಿದೆ.

ಭೂಮಿಯ ಸಂಪತ್ತಿಗೆ ಮಿತಿಯಿದೆ, ಆದ್ದರಿಂದ ಉತ್ಪಾದನೆಯ ಏರಿಕೆ ಕೊನೆಯಿಲ್ಲದೆ ಸಾಗಲಾರದು ಎಂಬ ವಾದವನ್ನು ಜಗತ್ತಿನ ಮುಂದೆ ಅಂಕಿಗಳ ಮೂಲಕ ಇಟ್ಟದ್ದು 1972ರಲ್ಲಿ ಪ್ರಕಟವಾದ ‘ಲಿಮಿಟ್ಸ್ ಟು ಗ್ರೋತ್’ ಎಂಬ ವರದಿ. ಡೊನೆಲಾ ಮೆಡೋಸ್ ಮತ್ತು ಸಂಗಡಿಗರು ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಕೂಟಕ್ಕಾಗಿ ಕಂಪ್ಯೂಟರ್ ಲೆಕ್ಕದ ನೆರವಿನಿಂದ ಅದನ್ನು ಸಿದ್ಧಪಡಿಸಿದ್ದರು. ಮುಂದೆ 2009ರಲ್ಲಿ ಸ್ವೀಡನ್ನಿನ ವಿಜ್ಞಾನಿ ಯೋಹಾನ್ ರಾಕ್‌ಸ್ಟ್ರೋಮ್ ಮತ್ತು ಅವರ ತಂಡ ‘ಗ್ರಹದ ಮಿತಿಗಳು’ ಎಂಬ ಪರಿಕಲ್ಪನೆಯನ್ನು ಮಂಡಿಸಿತು. ಹವಾಮಾನ, ಜೀವವೈವಿಧ್ಯ, ನೆಲದ ಬಳಕೆ, ಸಿಹಿನೀರು, ಸಾರಜನಕ ಮತ್ತು ರಂಜಕದ ಹರಿವು, ಸಾಗರದ ಆಮ್ಲೀಯತೆ, ಓಝೋನ್ ಪದರ, ವಾತಾವರಣದ ಧೂಳುಕಣ, ಮನುಷ್ಯನೇ ಸೃಷ್ಟಿಸಿದ ಹೊಸ ರಾಸಾಯನಿಕಗಳು ಹೀಗೆ ಒಂಬತ್ತು ವಿಷಯಗಳಲ್ಲಿ ಭೂಮಿ ತಾಳಿಕೊಳ್ಳಬಲ್ಲ ಗಡಿ ಯಾವುದು ಎಂದು ಗುರುತಿಸುವ ಪ್ರಯತ್ನ ಅದು. 2023ರ ಮೌಲ್ಯಮಾಪನದಲ್ಲಿ ಆರು ಗಡಿಗಳನ್ನು ದಾಟಿಯಾಗಿದೆ ಎಂದು ಕಂಡುಬಂದಿತು, 2025ರಲ್ಲಿ ಸಾಗರದ ಆಮ್ಲೀಯತೆಯೂ ಸೇರಿ ಸಂಖ್ಯೆ ಏಳಕ್ಕೇರಿತು. ಇದರಲ್ಲಿ ಗಮನಿಸಬೇಕಾದ ಅಪವಾದ ಓಝೋನ್ ಪದರ. ಅದು ಚೇತರಿಸಿಕೊಳ್ಳುತ್ತಿದೆ, ಏಕೆಂದರೆ 1987ರ ಮಾಂಟ್ರಿಯಲ್ ಒಪ್ಪಂದ ಯಾವ ಅನಿಲವನ್ನು ಯಾರು ಎಷ್ಟು ವರ್ಷದೊಳಗೆ ನಿಲ್ಲಿಸಬೇಕು ಎಂದು ನಿಗದಿಮಾಡಿ, ಅದನ್ನು ಪಾಲಿಸುವಂತೆ ನೋಡಿಕೊಂಡಿತು. ಗಡಿಯ ಅರಿವು ಇದ್ದ ಮಾತ್ರಕ್ಕೆ ಗಡಿ ಉಳಿಯುವುದಿಲ್ಲ, ಅದನ್ನು ಕಾಯುವ ಅಧಿಕಾರ ಮತ್ತು ಹೊಣೆ ಯಾರ ಮೇಲಿದೆ ಎಂಬುದು ಸ್ಪಷ್ಟವಾಗಿದ್ದಲ್ಲಿ ಮಾತ್ರ ಉಳಿಯುತ್ತದೆ. ಪಶ್ಚಿಮ ತಾಲ್ಲೂಕುಗಳ ಮತ್ತು ಅವುಗಳ ನೆರೆಯ ಅನುಭವವೂ ಇದನ್ನೇ ಹೇಳುತ್ತದೆ.

ನೆರೆಯ ಸಂಡೂರಿನಿಂದಲೇ ಆರಂಭಿಸಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದಾಗ ಸಂಡೂರು ಮತ್ತು ಹೊಸಪೇಟೆಯ ಗುಡ್ಡಗಳಲ್ಲಿ ನಡೆದ ಅಕ್ರಮ ಗಣಿಗಾರಿಕೆಯನ್ನು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ 2011ರ ಜುಲೈ ವರದಿ ವಿವರಿಸಿದೆ. ಅಕ್ರಮದಿಂದ ಸರ್ಕಾರಕ್ಕಾದ ನಷ್ಟವನ್ನು ಅದು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದೇ ತಿಂಗಳ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ಆದೇಶವನ್ನು ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪು ಗಣಿ ಗುತ್ತಿಗೆಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರಾಗಿ ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಸಿ ವರ್ಗದವನ್ನು ರದ್ದುಪಡಿಸಿತು. ಭಾರತದ ಆರ್ಥಿಕ ಇತಿಹಾಸದಲ್ಲಿ ಅಪರೂಪವಾದ ಸಂಗತಿ ಇದಕ್ಕೆ ಹೊಂದಿಕೊಂಡೇ ಬಂದಿತು: ಭೂಮಿ, ಅರಣ್ಯ, ರಸ್ತೆ ಮತ್ತು ಗಾಳಿ ಎಷ್ಟನ್ನು ತಾಳಿಕೊಳ್ಳಬಲ್ಲವು ಎಂಬ ಅಧ್ಯಯನದ ಆಧಾರದ ಮೇಲೆ, ಮೂರೂ ಜಿಲ್ಲೆಗಳಿಂದ ವರ್ಷಕ್ಕೆ 3 ಕೋಟಿ ಟನ್‌ಗಿಂತ ಹೆಚ್ಚು ಅದಿರು ತೆಗೆಯುವಂತಿಲ್ಲ ಎಂದು ನಿಗದಿಯಾಯಿತು. ಒಂದು ಸೀಮೆಯ ಬೆಳವಣಿಗೆಗೆ ನ್ಯಾಯಾಲಯವೊಂದು ಟನ್ನಿನ ಲೆಕ್ಕದಲ್ಲಿ ಗೆರೆ ಎಳೆದದ್ದು ಇಲ್ಲಿ.

ಆ ಗೆರೆ ನಿಂತಲ್ಲಿ ನಿಲ್ಲಲಿಲ್ಲ. 2017ರ ಡಿಸೆಂಬರಿನಲ್ಲಿ ಮಿತಿ 3.5 ಕೋಟಿ ಟನ್ನಿಗೆ, 2022ರ ಆಗಸ್ಟಿನಲ್ಲಿ 5 ಕೋಟಿ ಟನ್ನಿಗೆ ಏರಿತು. ಈಗ ಬಳ್ಳಾರಿಯೊಂದರ ಪಾಲೇ 3.5 ಕೋಟಿ. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಸಾಲದು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ, ಅಕ್ರಮದ ದಿನಗಳಿಗೂ ಇಂದಿಗೂ ಅಜಗಜಾಂತರವಿದೆ ಎಂಬುದೂ ನಿಜ. ಆದರೂ ಗುಡ್ಡದ ತಾಳಿಕೆಯನ್ನು ಅಳೆದು ಇಟ್ಟ ಗೆರೆಯನ್ನು ಕಾರ್ಖಾನೆಯ ಹಸಿವನ್ನು ಅಳೆದು ಸರಿಸತೊಡಗಿದರೆ ಅದು ಮಿತಿಯಾಗಿ ಉಳಿಯದೆ ಬರಿಯ ಕಂತಾಗುತ್ತದೆ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಅದಿರಿನ ಮಾರಾಟದ ಹಣದಿಂದಲೇ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ರೂಪುಗೊಂಡಿದೆ; ಹಾಳಾದದ್ದರ ಬೆಲೆ ಎಷ್ಟೆಂದು ಜಿಡಿಪಿ ಹೇಳದೆ ಬಿಟ್ಟದ್ದನ್ನು ಈ ಮೊತ್ತ ಒಂದಿಷ್ಟು ಹೇಳುತ್ತದೆ. ಪ್ರಾದೇಶಿಕ ಅಸಮಾನತೆಯನ್ನು ಅಳೆದು 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿ ಅದಿರಿಲ್ಲದ ಕೂಡ್ಲಿಗಿ, ಹರಪನಹಳ್ಳಿಗಳ ಜೊತೆಯಲ್ಲೇ ಅದಿರಿನ ತವರಾದ ಸಂಡೂರೂ ಇತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಅದಿರಿನಂಥ ಸಂಪತ್ತಿಗೂ ನೀರಿನಂಥ ಸಂಪತ್ತಿಗೂ ಇರುವ ವ್ಯತ್ಯಾಸವನ್ನು ಗಾಂಧೀವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಬಹಳ ಹಿಂದೆಯೇ ವಿವೇಚಿಸಿದ್ದರು. ಕಲ್ಲಿದ್ದಲು, ಎಣ್ಣೆ, ಲೋಹಗಳು ಕೂಡಿಟ್ಟ ಸಂಪತ್ತು, ತೆಗೆದಷ್ಟೂ ಕಡಿಮೆಯಾಗುವಂಥದು. ಮಳೆ, ಮರ, ದುಡಿಮೆ ಹರಿಯುವ ಸಂಪತ್ತು, ಹದವರಿತು ಬಳಸಿದರೆ ತೀರದೆ ಬರುವಂಥದು. ಶಾಶ್ವತವಾದ ಅರ್ಥವ್ಯವಸ್ಥೆ ಆದಷ್ಟೂ ಎರಡನೆಯದರ ಮೇಲೆ ನಿಲ್ಲಬೇಕು ಎಂಬುದು ಅವರ ನಿಲುವು. (ಗಾಂಧೀಜಿಯ ಚಿತಾಭಸ್ಮವನ್ನು ಇರಿಸಿದ ಸ್ಮಾರಕವೊಂದು ಕೂಡ್ಲಿಗಿಯಲ್ಲೇ ಇದೆ, ಅಲ್ಲಿ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ಕುಮಾರಪ್ಪನವರ ಪುಸ್ತಕವನ್ನು ತೆರೆಯುವವರು ಕಡಿಮೆ.)

ಹರಿಯುವ ಸಂಪತ್ತಿನ ಮೇಲೆ ನಿಂತ ವ್ಯವಸ್ಥೆಗೆ ಈ ಸೀಮೆಯಲ್ಲಿ ಹಳೆಯ ಮಾದರಿಯಿದೆ, ಅದು ಕೆರೆ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ಹೆಚ್ಚಾದ ನೀರು ಹರಿದುಹೋಗಲು ಒಂದು ಬದಿಯಲ್ಲಿ ಕೋಡಿ, ನೀರು ಬಿಡಲು ಏರಿಯ ತಳದಲ್ಲಿ ತೂಬು, ತೂಬಿನ ಕೆಳಗೆ ಆ ನೀರಿನಿಂದ ಬೆಳೆಯಬಹುದಾದ ಅಚ್ಚುಕಟ್ಟು. ಕೋಡಿಯ ಎತ್ತರವೇ ಕೆರೆಯ ಗರಿಷ್ಠ ಸಂಗ್ರಹವನ್ನು ನಿರ್ಧರಿಸುತ್ತಿದ್ದುದರಿಂದ ಆ ವರ್ಷದ ನೀರು ಎಷ್ಟೆಂಬುದು ಏರಿಯ ಮೇಲೆ ನಿಂತ ಯಾರಿಗಾದರೂ ಕಣ್ಣಿಗೆ ಕಾಣುತ್ತಿತ್ತು. ತೂಬಿನ ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಮರದ ಬೆಣೆಯನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾವ ಗದ್ದೆಗೆ ಮೊದಲು ಎಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವನಿಗೆ ಕಾಳಿನ ಪಾಲು ಬರುತ್ತಿದ್ದುದರಿಂದ ಒಬ್ಬರ ಮುಲಾಜಿಗೆ ಬೀಳಬೇಕಾದ ಅಗತ್ಯ ಅವನಿಗಿರಲಿಲ್ಲ, ಕನಿಷ್ಠ ವ್ಯವಸ್ಥೆಯ ಉದ್ದೇಶ ಹಾಗಿತ್ತು. ಕೆರೆ ಅರ್ಧ ತುಂಬಿದ ವರ್ಷ ಭತ್ತ ಬಿಟ್ಟು ಜೋಳವನ್ನೋ ನವಣೆಯನ್ನೋ ಹಾಕಬೇಕೆಂದು ಊರು ತೀರ್ಮಾನಿಸುತ್ತಿತ್ತು. ಹೂಳೆತ್ತಿ ಏರಿ ಕಾಯುವವರಿಗೆ ದಸವಂದವೆಂಬ ಮಾನ್ಯದ ಭೂಮಿ ಬಿಟ್ಟುಕೊಡುವ ಪದ್ಧತಿ ಶಾಸನಗಳಲ್ಲಿ ಕಾಣುತ್ತದೆ. ಇದನ್ನು ಸ್ವರ್ಗವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಅಚ್ಚುಕಟ್ಟಿನ ಭೂಮಿ ಯಾರದು, ಬಿಟ್ಟಿ ದುಡಿಮೆ ಯಾರದು ಎಂಬ ಪ್ರಶ್ನೆಗೆ ಜಾತಿಯ ಉತ್ತರವೇ ಇತ್ತು. ಆದರೆ ಮಿತಿ ಕಣ್ಣಿಗೆ ಕಾಣುವಂತಿತ್ತು ಮತ್ತು ಅದನ್ನು ಕಾಯುವವನಿಗೆ ಹೆಸರಿತ್ತು.

ಕೊಳವೆಬಾವಿ ಬಂದಾಗ ಎರಡೂ ಹೋದವು. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ರಿಗ್ ಲಾರಿಗಳು ಹೊಲದಲ್ಲಿ ನಿಂತು, ನೀರು ತೋರಿಸುವವನು ಅಂಗೈ ಮೇಲಿನ ತೆಂಗಿನಕಾಯಿ ನೆಟ್ಟಗೆ ಎದ್ದಿತೆಂದು ಗುರುತಿಟ್ಟ ಜಾಗದಲ್ಲಿ, ಅಡಿಗಿಷ್ಟು ಎಂಬ ಲೆಕ್ಕದಲ್ಲಿ ಕೊರೆಯುತ್ತ ಹೋಗುತ್ತವೆ. ಮೊದಲು ಕೆಂಪು ಧೂಳು, ಆಮೇಲೆ ಬೂದುಬಣ್ಣದ ಕಲ್ಲುಪುಡಿ, ಅದೃಷ್ಟವಿದ್ದರೆ ಕೆಸರು. ಪಕ್ಕದ ಹೊಲದವನು ಅದೇ ನೀರಿಗೆ ಇನ್ನೂ ಆಳಕ್ಕಿಳಿದರೆ ತಡೆಯುವವರಿಲ್ಲ. ಗಟ್ಟಿ ಶಿಲೆಯ ಈ ನೆಲದಲ್ಲಿ ಮಳೆಯ ನೂರು ಪಾಲಿನಲ್ಲಿ ಹತ್ತು ಅಥವಾ ಅದಕ್ಕೂ ಕಡಿಮೆ ಅಂತರ್ಜಲಕ್ಕೆ ಸೇರುತ್ತದೆ. 600 ಮಿ.ಮೀ. ಮಳೆಯಲ್ಲಿ ಅದು 60 ಮಿ.ಮೀ., ಅಂದರೆ ಎಕರೆಗೆ ಹೆಚ್ಚೆಂದರೆ 2.4 ಲಕ್ಷ ಲೀಟರ್. ಹಂಗಾಮಿನಲ್ಲಿ 1,000 ಮಿ.ಮೀ. ನೀರು ಬೇಡುವ ಬೆಳೆಗೆ ಎಕರೆಗೆ 40 ಲಕ್ಷ ಲೀಟರ್ ಬೇಕು. ಒಂದು ಎಕರೆ ಹಸಿರಾಗಿರಬೇಕಾದರೆ ಸುತ್ತಲಿನ ಸುಮಾರು ಹದಿನೇಳು ಎಕರೆಯ ಮರುಪೂರಣವನ್ನು ಅದು ಒಂದೇ ಕುಡಿಯಬೇಕು. ಕಲ್ಲಿನ ಬಿರುಕುಗಳಲ್ಲಿ ನಿಲ್ಲುವ ನೀರು ಶೇ 1ರಿಂದ 3ರಷ್ಟೇ ಆಗಿರುವುದರಿಂದ ಮಟ್ಟ ಹತ್ತು ಮೀಟರ್ ಕುಸಿದರೂ ದಕ್ಕುವುದು 100ರಿಂದ 300 ಮಿ.ಮೀ. ಮಾತ್ರ. ಹೀಗೆ ಹರಿಯುವ ಸಂಪತ್ತನ್ನು ಅದಿರಿನಂತೆ ಅಗೆದು ತೆಗೆಯುವ ಕ್ರಮ ರೂಢಿಯಾಯಿತು, ಸಂಡೂರಿನ ಗುಡ್ಡಕ್ಕೆ ಬಿದ್ದ ಗೆರೆ ಇಲ್ಲಿ ಬೀಳಲಿಲ್ಲ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಅಂತರ್ಜಲ ಅಧಿನಿಯಮ 2011ರಿಂದಲೂ ಇದೆ. ಆದರೆ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾಗಿರುವಲ್ಲಿ, ನೀರೆತ್ತುವ ಖರ್ಚಿನ ಮೂಲಕ ಸಿಗಬೇಕಾದ ನೀರಿನ ಅಭಾವದ ಸೂಚನೆ ರೈತನಿಗೆ ತಲುಪುವುದಿಲ್ಲ. ತಲುಪುವುದು ಬಾವಿ ಬತ್ತಿದ ದಿನ, ಸಾಲದ ರೂಪದಲ್ಲಿ. ಹನಿ ನೀರಾವರಿ ಪರಿಹಾರವೆಂದು ಹೇಳಲಾಗುತ್ತದೆ, ಗಿಡವೊಂದಕ್ಕೆ ನೋಡಿದರೆ ಅದು ನಿಜವೂ ಹೌದು. ಆದರೆ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಕಲ್ಲಿದ್ದಲಿನ ಬಗ್ಗೆ ತೋರಿಸಿದಂತೆ, ಯಂತ್ರ ಮಿತವ್ಯಯಿಯಾದಷ್ಟೂ ಅದರ ಬಳಕೆ ಹರಡಿ ಒಟ್ಟು ವೆಚ್ಚ ಏರಬಹುದು. ಉಳಿದ ನೀರಿನಲ್ಲಿ ಇನ್ನೊಂದು ಎಕರೆ ದಾಳಿಂಬೆಯನ್ನೋ ಅಡಿಕೆಯನ್ನೋ ಹಾಕಿದರೆ ನೆಲದಡಿಯ ಲೆಕ್ಕದಲ್ಲಿ ಏನೂ ಉಳಿದಂತಾಗುವುದಿಲ್ಲ. ಆಳದ ಕಲ್ಲಿನ ನೀರಿನೊಡನೆ ಫ್ಲೋರೈಡ್ ಕೂಡ ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಮತ್ತು ಮೂಳೆಯನ್ನು ಕೆಡಿಸುವ ಈ ಲವಣದಿಂದ ಬಳಲಿದ ತಾಲ್ಲೂಕುಗಳಿಗಾಗಿ ತುಂಗಭದ್ರಾ ಹಿನ್ನೀರನ್ನು ಪಾವಗಡದವರೆಗೆ ಕೊಳವೆಯಲ್ಲಿ ಒಯ್ಯುವ ಬಹುಗ್ರಾಮ ಯೋಜನೆ ಬಂದಿತು, ಕೂಡ್ಲಿಗಿಯೂ ಅದರ ಫಲಾನುಭವಿ.

ಮಣ್ಣಿನ ಕಥೆಯೂ ಇದಕ್ಕೆ ಹೊರತಲ್ಲ. ಹರಪನಹಳ್ಳಿ ಸುತ್ತಿನ ಹೊಲಗಳಲ್ಲಿ ಜೋಳ, ನವಣೆ, ಶೇಂಗಾಗಳ ಜಾಗವನ್ನು ಮೆಕ್ಕೆಜೋಳ ಬಹುಮಟ್ಟಿಗೆ ಆಕ್ರಮಿಸಿದೆ. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಗ ಎಥೆನಾಲ್‌ಗೆ ಬೇಡಿಕೆಯಿರುವ ಈ ಬೆಳೆ ಯೂರಿಯಾ ಇಲ್ಲದೆ ಏಳುವುದಿಲ್ಲ. 45 ಕೆ.ಜಿ. ಚೀಲ 266 ರೂಪಾಯಿಯ ಆಸುಪಾಸಿನಲ್ಲಿ ಸಿಗುವಾಗ ರೈತ ಅದನ್ನು ಧಾರಾಳವಾಗಿ ಚೆಲ್ಲಿದರೆ ಅವನನ್ನು ದೂರುವಂತಿಲ್ಲ, ಬೆಲೆ ಇಟ್ಟವರು ಅವನಲ್ಲ. ಜಗತ್ತು ಇಂದು ಮಣ್ಣಿಗೆ ಸುರಿಯುತ್ತಿರುವ ಸಾರಜನಕ ರಾಕ್‌ಸ್ಟ್ರೋಮ್ ತಂಡ ಗುರುತಿಸಿದ ಸುರಕ್ಷಿತ ಗಡಿಯ ಸುಮಾರು ಮೂರು ಪಟ್ಟು. ಬೆಳೆ ಹೀರದೆ ಉಳಿದದ್ದು ನೀರಿನಲ್ಲಿ ನೈಟ್ರೇಟಾಗಿಯೂ ಗಾಳಿಯಲ್ಲಿ ಶಾಖವರ್ಧಕ ಅನಿಲವಾಗಿಯೂ ಸೇರುತ್ತದೆ. 2025ರ ಮುಂಗಾರಿನಲ್ಲಿ ರಾಜ್ಯದಾದ್ಯಂತ ಯೂರಿಯಾಕ್ಕೆ ಸಾಲು ನಿಲ್ಲಬೇಕಾಯಿತು, ಅದೇ ವರ್ಷದ ಸುಗ್ಗಿಯಲ್ಲಿ ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಮೆಕ್ಕೆಜೋಳ ಮಾರಬೇಕಾಯಿತು. ಬಯಲಿನಲ್ಲಿ ಬಳ್ಳಾರಿ ತಳಿಯ ಕುರಿಹಿಂಡುಗಳು ಇನ್ನೂ ಓಡಾಡುತ್ತವೆ. ಹೊಲದಲ್ಲಿ ರಾತ್ರಿ ಕುರಿ ತರುಬಿಸಿ, ಹಿಕ್ಕೆ ಗಂಜಲವನ್ನು ನೆಲಕ್ಕೆ ಸೇರಿಸಿಕೊಂಡು ಕುರಿಗಾರನಿಗೆ ಕಾಳು ಕಾಸು ಕೊಡುವ ರೂಢಿಯೂ ಪೂರ್ತಿ ಅಳಿದಿಲ್ಲ. ಆದರೆ ಅಡವಿ ಒತ್ತಿ ಹೊಲವಾದಲ್ಲಿ, ಗುಡ್ಡದ ಸಾಲು ಗಾಳಿಯಂತ್ರಗಳಿಗೆ ಹೋದಲ್ಲಿ ಹಿಂಡಿಗೆ ಮೇವಿನ ದಾರಿ ಕಿರಿದಾಗುತ್ತದೆ. ಹವಾಮಾನದ ಗಡಿಯನ್ನು ಉಳಿಸಲು ಗಾಳಿಯ ವಿದ್ಯುತ್ ಬೇಕೇ ಬೇಕು. ಬಂಜರು ಎಂದು ದಾಖಲೆಯಲ್ಲಿ ಬರೆದ ನೆಲವೆಲ್ಲ ಬರಿದಲ್ಲ ಎಂಬುದೂ ನೆನಪಿನಲ್ಲಿರಬೇಕು.

ಇನ್ನು ತುಂಗಭದ್ರೆ. 1953ರಲ್ಲಿ ನೀರು ನಿಲ್ಲಿಸಲಾರಂಭಿಸಿದ ಜಲಾಶಯದ ಹಿನ್ನೀರಿಗೆ ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಸೀಮೆಯ ಹಳ್ಳಿಗಳು, ಎರೆಹೊಲಗಳು ಮುಳುಗಿದವು; ಕಾಲುವೆಗಳು ಹೊರಟದ್ದು ಅಣೆಕಟ್ಟೆಯಿಂದ ಕೆಳಕ್ಕೆ, ಗಂಗಾವತಿ, ರಾಯಚೂರು, ಸಿರುಗುಪ್ಪ, ಆಂಧ್ರದ ಕಡೆಗೆ. ಮೇಲಿದ್ದವರು ಭೂಮಿ ಕೊಟ್ಟರು, ನೀರು ಇಳಿಜಾರಿನ ದಾರಿ ಹಿಡಿಯಿತು. ಆರಂಭದಲ್ಲಿ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ 105.788 ಟಿಎಂಸಿಗೆ ಇಳಿದಿದೆ, ಐದರಲ್ಲಿ ಒಂದು ಪಾಲು ಮಣ್ಣಾಗಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಏಳು ದಶಕ ದಾಟಿದ ಕಟ್ಟಡದ ವಯಸ್ಸೂ ಎಲ್ಲರಿಗೂ ತಿಳಿಯಿತು. ಇದೇ ಕುಗ್ಗಿದ ನದಿವ್ಯವಸ್ಥೆಯಿಂದ ನೀರೆತ್ತಿ ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳನ್ನೂ ಹರಪನಹಳ್ಳಿಯ 60 ಕೆರೆಗಳನ್ನೂ ತುಂಬಿಸುವ ಯೋಜನೆಗಳು ರೂಪುಗೊಂಡಿವೆ. ತಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಪ್ರತಿವರ್ಷ ಗುಳೆ ಹೋಗುವ ಸೀಮೆ ಈ ನೀರನ್ನು ಕೇಳುವುದು ನ್ಯಾಯವೇ. ಗ್ರಹದ ಮಿತಿಯ ಹೆಸರಿನಲ್ಲಿ ಸಂಯಮವನ್ನು ಮೊದಲು ಕೂಡ್ಲಿಗಿಗೆ ಬೋಧಿಸುವುದು ಅನ್ಯಾಯ. ಅರ್ಥಶಾಸ್ತ್ರಜ್ಞೆ ಕೇಟ್ ರಾವರ್ತ್ ಭೂಮಿಯ ಮೇಲ್ಮಿತಿಯ ಜೊತೆಗೆ ಯಾರೂ ಕೆಳಗೆ ಬೀಳಬಾರದ ಸಾಮಾಜಿಕ ತಳಮಿತಿಯೂ ಇರಬೇಕೆಂದು ವಾದಿಸಿದ್ದು ಈ ಕಾರಣಕ್ಕೇ. ಕೆರೆಗೆ ನೀರು ಬಂದರೆ ಏನಾಗಬಹುದೆಂಬುದಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವಿದೆ: ನೀರಾವರಿಗೆಂದು ಕಟ್ಟಿದ ಹಳೆಯ ಕೆರೆಯ ಅಂಗಳದ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು, ಕೆಂಬರಲುಗಳು ಗೂಡುಕಟ್ಟುತ್ತವೆ, 98.76 ಹೆಕ್ಟೇರಿನ ಈ ಜೌಗು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಆದರೆ ಕೊಳವೆಯಲ್ಲಿ ಬಂದ ನೀರು ಕೆರೆಯಿಂದ ನೆಲಕ್ಕಿಳಿದು ಸುತ್ತಲಿನ ಬೋರುಗಳಿಗೆ ಜೀವ ತುಂಬಿದ ಮೇಲೆ ಅದನ್ನು ಯಾರು ಎಷ್ಟು ಎತ್ತಬೇಕು ಎಂಬ ಪ್ರಶ್ನೆಗೆ ಗುತ್ತಿಗೆ ಪತ್ರದಲ್ಲಿ ಉತ್ತರವಿರುವುದಿಲ್ಲ. ಮರುಪೂರಣದ ಜೊತೆಗೇ ಹೊಸ ಬೋರುಗಳೂ ಹುಟ್ಟಿದರೆ ಹತ್ತು ವರ್ಷದಲ್ಲಿ ಲೆಕ್ಕ ಮೊದಲಿನ ಜಾಗಕ್ಕೇ ಬರುತ್ತದೆ. ಗಡಿಯಾಚೆಯ ಅನಂತಪುರ, ಕರ್ನೂಲು ಸೇರಿದಂತೆ ಅಂದಿನ ಅವಿಭಜಿತ ಆಂಧ್ರದ ಏಳು ಜಿಲ್ಲೆಗಳಲ್ಲಿ ಎರಡು ದಶಕಗಳ ಹಿಂದೆ ರೈತರೇ ತಮ್ಮ ಬಾವಿಗಳ ನೀರಿನ ಮಟ್ಟವನ್ನೂ ಊರಿನ ಮಳೆಯನ್ನೂ ಅಳೆದು ಬರೆದಿಟ್ಟು, ಹಿಂಗಾರಿಗೆ ಮುಂಚೆ ಸಭೆ ಸೇರಿ, ಇರುವ ನೀರಿಗೆ ಯಾವ ಬೆಳೆ ಎಷ್ಟು ಎಂದು ಮುಂಗಡಪತ್ರ ಹಾಕುವ ಪ್ರಯೋಗ ನಡೆಯಿತು. ಅದರಲ್ಲಿ ನಿಷೇಧವಿರಲಿಲ್ಲ, ಕಾಣದ ನೀರನ್ನು ಕಾಣುವಂತೆ ಮಾಡುವುದಷ್ಟೇ ಇತ್ತು. ಕೇಂದ್ರದ ಅಟಲ್ ಭೂಜಲ ಯೋಜನೆ ಕರ್ನಾಟಕದ 41 ತಾಲ್ಲೂಕುಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಜಲ ಮುಂಗಡಪತ್ರವನ್ನು ಪರಿಚಯಿಸಿದೆ. ಕೆರೆ ತುಂಬಿಸುವ ಪ್ರತಿ ಊರಿನಲ್ಲೂ ಅಂಥ ಲೆಕ್ಕವನ್ನು ನೀರಿನ ಜೊತೆಗೇ ಕಡ್ಡಾಯಗೊಳಿಸಬಹುದು, ಅದಕ್ಕೆ ಹೊಸ ಇಲಾಖೆ ಬೇಕಿಲ್ಲ. ನೀರುಗಂಟಿ ಎಂಬ ಹುದ್ದೆ ಪಂಚಾಯಿತಿಗಳಲ್ಲಿ ಇಂದಿಗೂ ಇದೆ. ಬೆಳಿಗ್ಗೆ ವಾಲ್ವ್ ತಿರುಗಿಸಿ ಓಣಿಗೊಂದರಂತೆ ಕುಡಿಯುವ ನೀರು ಬಿಡುವುದು ಅವನ ಈಗಿನ ಕೆಲಸ. ತಿಂಗಳಿಗೊಮ್ಮೆ ಊರಿನ ಹತ್ತು ಬೋರುಗಳಿಗೆ ಅಳತೆಯ ಟೇಪು ಇಳಿಸಿ, ಸಿಕ್ಕ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯುವ ಕೆಲಸವನ್ನೂ ಅವನಿಗೆ ವಹಿಸಿ, ಅದಕ್ಕೆ ತಕ್ಕ ಸಂಬಳ ಕೊಟ್ಟರೆ, ಮುಂದಿನ ಬೋರು ಕೊರೆಸುವವನು ಅರ್ಜಿ ಹಾಕುವ ಮುನ್ನ ಆ ಗೋಡೆಯನ್ನು ಓದಲೇಬೇಕಾಗುತ್ತದೆ.